ಬಾಯಮ್ಮನ ಸ್ವರದಲ್ಲಿ ಒಂದು ಅಧ್ಯಾಯ

ನಮ್ಮ ಓಣಿಯಲ್ಲಿ ಅಲಾರಂ ಇಟ್ಟು ಮಲಗುವವರು ಯಾರೂ ಇರಲಿಲ್ಲ. ಪಕ್ಕದ ಮನೆಯ ಬಾಯಮ್ಮ ಇದ್ದರಲ್ಲ, ಸಾಕಿತ್ತು. ಕ್ರೈಸ್ತ ಹೆಂಗಸರನ್ನು ನಮ್ಮ ಕಡೆ ಬಾಯಮ್ಮ ಅನ್ನುವುದು, ಗಂಡಸರನ್ನು ಪೊರ್ಬುಗಳು ಅನ್ನುವುದು. ಬಾಯಮ್ಮ ರವಿಕೆ ಹೊಲಿಯುವವರು. ಬೆಳಿಗ್ಗೆ ಎದ್ದು ಮುಖ ತೊಳೆದು, ಜಗಲಿಯ ಹೊಲಿಗೆ ಮೆಷಿನ್ನಿನ ಮೇಲೆ ಬೈಬಲ್ ಬಿಡಿಸಿಟ್ಟುಕೊಂಡು ಒಂದು ಅಧ್ಯಾಯ ಗಟ್ಟಿಯಾಗಿ ಓದುತ್ತಿದ್ದರು. ಮನೆಮಾತು ಕೊಂಕಣಿಯಾದರೂ ಪುಸ್ತಕ ಕನ್ನಡದ್ದು. ಬ್ರಹ್ಮಾವರದ ತವರಿನಿಂದ ಮದುವೆಯಾಗಿ ಬರುವಾಗ ತಂದದ್ದು. ಅಧ್ಯಾಯ ಮುಗಿಯುವ ತನಕ ಅವರು ಚಹಾ ಕುಡಿಯುತ್ತಿರಲಿಲ್ಲ. ಚಹಾ ಕುಡಿದ ಮೇಲೆ ಮೆಷಿನ್ ಟರ್ರೆಂದು ಶುರು. ಕುಂದಾಪುರದ ನಮ್ಮ ಓಣಿಗೆ ಅದೇ ಗಡಿಯಾರ. ಬೈಬಲ್ ಕೇಳಿಸಿದರೆ ಹಾಲು ಕಾಯಿಸುವ ಹೊತ್ತು, ಮೆಷಿನ್ ಕೇಳಿಸಿದರೆ ನನ್ನ ಅಮ್ಮ ಬುಟ್ಟಿ ಹಿಡಿದು ಮೀನಿಗೆ ಹೊರಡುವ ಹೊತ್ತು. ನನಗೆ ಮಾತ್ರ ಎರಡೂ ಮಗ್ಗುಲು ಬದಲಿಸುವ ಹೊತ್ತು.

ಅಷ್ಟು ಗಟ್ಟಿಯಾಗಿ ಓದುತ್ತಿದ್ದದ್ದು ದೇವರಿಗೆ ಕೇಳಲಿ ಎಂದಲ್ಲ, ಗಂಡನಿಗೆ ಕೇಳಲಿ ಎಂದು. ಪೊರ್ಬುಗಳು ಹೆಂಚಿನ ಕಾರ್ಖಾನೆಯಲ್ಲಿ ದುಡಿದು ದುಡಿದು ಕಿವಿ ಕಳೆದುಕೊಂಡವರು. ನಾವು ಬೊಬ್ಬೆ ಹಾಕಿದರೂ "ಹಾಂ?" ಅನ್ನುತ್ತಾರೆ. ಬಾಯಮ್ಮನ ಸ್ವರ ಮಾತ್ರ ಅದು ಹೇಗೋ ಅವರ ಕಿವಿಯೊಳಗೆ ದಾರಿ ಹುಡುಕಿಕೊಂಡು ಹೋಗುತ್ತಿತ್ತು. ಬಾವಿಕಟ್ಟೆಯ ಹತ್ತಿರ ಬೀಡಿ ಹಚ್ಚಲು ಹೋದವರು ಒಳಗಿನಿಂದ ಬಾಯಮ್ಮ ಒಂದು ಮಾತು ಹೇಳಿದರೆ ಬೀಡಿ ಬಿಸಾಡಿ ಬರುತ್ತಿದ್ದರು. ಮಕ್ಕಳಿಲ್ಲದ ಮನೆ, ಇಬ್ಬರ ನಡುವೆ ಆ ಒಂದು ಸ್ವರ ದಿನವಿಡೀ ಓಡಾಡುತ್ತಿತ್ತು.

ನಾನು ಮಿಮಿಕ್ರಿಯವ. ಬೈಂದೂರಿನಿಂದ ಬ್ರಹ್ಮಾವರದ ತನಕ ಹೆದ್ದಾರಿಯಲ್ಲಿ ಆಟೋದ ತಲೆ ಮೇಲೆ ಮೈಕ್ ಕಟ್ಟಿಕೊಂಡು "ಆತ್ಮೀಯ ಬಂಧುಗಳೇ" ಎಂದು ಅರಚುತ್ತ ಹೋಗುವ ಸ್ವರ ನಿಮ್ಮ ಮಧ್ಯಾಹ್ನದ ನಿದ್ದೆ ಕೆಡಿಸಿದ್ದರೆ, ಕ್ಷಮಿಸಿ, ಅದು ನನ್ನದೇ. ಅದು ಹೊಟ್ಟೆಪಾಡು. ಹವ್ಯಾಸ ಏನೆಂದರೆ ಮದುವೆ, ಮೆಹಂದಿ, ವಾರ್ಷಿಕೋತ್ಸವಗಳಲ್ಲಿ ಊರಿನವರನ್ನೆಲ್ಲ ಅವರ ಎದುರೇ ಅಣಕಿಸುವುದು. ಎಕ್ಸ್‌ಪ್ರೆಸ್ ಬಸ್ಸಿನ ಕಂಡಕ್ಟರ್, ಮೀನು ಏಲಂ ಮಾಡುವವರು, ನನ್ನ ಹೈಸ್ಕೂಲಿನ ಹೆಡ್ಮಾಸ್ಟ್ರು, ಗಿರಾಕಿಯ ಜೊತೆ ಚೌಕಾಶಿಗೆ ಇಳಿದ ನನ್ನ ಅಮ್ಮ. ಇಷ್ಟು ಜನರನ್ನು ಗಂಟಲಲ್ಲಿ ಬಾಡಿಗೆಗೆ ಇಟ್ಟುಕೊಂಡು ಮನೆಯ ಯಜಮಾನ ಎಲ್ಲಿದ್ದಾನೆಂದು ನನಗೇ ಗೊತ್ತಿಲ್ಲ. ಫೋನ್ ಮಾಡಿದ ಗೆಳೆಯರು ಮೊದಲು ಕೇಳುವುದೇ, "ಈಗ ಯಾರ್ ಮಾತಾಡುದ್ ಮಾರಾಯ?"

ಇವೆಲ್ಲದರಲ್ಲಿ ಚಪ್ಪಾಳೆ ಗಿಟ್ಟಿಸುತ್ತಿದ್ದ ಐಟಂ ಬಾಯಮ್ಮನದು. ಬೈಬಲಿನಲ್ಲಿ ಪುಟಗಟ್ಟಲೆ ವಂಶಾವಳಿ ಇದೆ. ಇಂಥವನ ಮಗ ಇಂಥವನು, ಅವನ ಮಗ ಇನ್ನೊಬ್ಬ, ಅವನಿಗೆ ಆರು ಜನ. ಬುದ್ಧಿ ಇರುವವರು ಅದನ್ನು ಹಾರಿಸುತ್ತಾರೆ. ಬಾಯಮ್ಮ ಒಂದು ಹೆಸರೂ ಬಿಡುವವರಲ್ಲ. ಕಷ್ಟದ ಹೆಸರು ಬಂದಾಗ ಮೊದಲು ಒಂದು ಒಣ ಕೆಮ್ಮು. ಆಮೇಲೆ ಹೆಸರಿನ ಕೊನೆಯ ಅಕ್ಷರವನ್ನು ನೂಲಿನ ಹಾಗೆ ಉದ್ದಕ್ಕೆ ಎಳೆಯುವುದು. ಹೆಸರು ಸರಿಯಾಗಿ ಬಂದರೆ ಕತ್ತರಿಯ ಹಿಡಿಯಿಂದ ಮೆಷಿನ್ನಿನ ಹಲಗೆಗೆ ಟಕ್ ಟಕ್. ಬಾರ್ಕೂರಿನಲ್ಲಿ ಅವರ ಸಂಬಂಧಿಕರ ಹುಡುಗಿಯ ರೋಸ್, ಅಂದರೆ ಮದುವೆಯ ಹಿಂದಿನ ದಿನ ತೆಂಗಿನಹಾಲು ಹಚ್ಚುವ ಶಾಸ್ತ್ರ, ಅಲ್ಲಿ ನಾನು ಇದನ್ನು ಮಾಡಿದೆ. ಎದುರು ಸಾಲಿನಲ್ಲೇ ಕೂತಿದ್ದ ಬಾಯಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು ನಕ್ಕರು. ಊಟಕ್ಕೆ ಕೂತಾಗ ಪಕ್ಕಕ್ಕೆ ಕರೆದರು. ಬೈಗುಳ ಬಂತು ಎಂದುಕೊಂಡೆ.

"ಎರಡ್ನೇ ಹೆಸ್ರಿಗೆ ಕೆಮ್ಮುದ್ ಬಿಟ್ಟೆ, ಮಂಗ. ಮಾಡುದಾರೆ ಸರಿ ಮಾಡ್."

ನನ್ನನ್ನು ಅವರು ಕರೆಯುತ್ತಿದ್ದದ್ದೇ ಹಾಗೆ. ನನಗೆ ಬೇರೆ ಹೆಸರಿದೆ ಎಂಬುದು ಅವರಿಗೆ ಮರೆತುಹೋಗಿತ್ತೆಂದು ಕಾಣುತ್ತದೆ.

ಒಂದು ಬೆಳಿಗ್ಗೆ ನಮ್ಮ ಓಣಿ ಏಳಲಿಲ್ಲ. ಹಾಲು ಕಾಯಿಸುವವರು ಕಾಯಿಸಲಿಲ್ಲ, ಶಾಲೆಯ ಮಕ್ಕಳಿಗೆ ಬಸ್ ತಪ್ಪಿತು, ನನ್ನ ಅಮ್ಮ ಎಂದೂ ಇಲ್ಲದೆ ಬಿಸಿಲು ಬಂದ ಮೇಲೆ ಎದ್ದು ಕೂತು, "ಎಂತ ಇದ್, ಬಾಯಮ್ಮಂದ್ ಸುದ್ದಿಯೇ ಇಲ್ಲೆ?" ಅಂದರು. ಅಷ್ಟರಲ್ಲಿ ಪೊರ್ಬುಗಳು ನಮ್ಮ ಬಾಗಿಲಲ್ಲಿ ನಿಂತಿದ್ದರು. ಚಪ್ಪಲಿ ಒಂದೇ ಕಾಲಿನಲ್ಲಿತ್ತು.

ಲಕ್ವ ಹೊಡೆದು ದೊಡ್ಡ ಆಸ್ಪತ್ರೆ ಸೇರಿದ ಬಾಯಮ್ಮ ವಾಪಸು ಬಂದಾಗ ಬಲಗೈ ಸೋತಿತ್ತು, ಮಾತು ಪೂರ್ತಿ ನಿಂತಿತ್ತು. ತಲೆಯಲ್ಲಿ ಮಾತು ಇದೆ, ಕೇಳಿದ್ದೆಲ್ಲ ಅರ್ಥವಾಗುತ್ತದೆ, ಬಾಯಿಗೆ ಬರುವ ದಾರಿ ಕಡಿದುಹೋಗಿದೆ ಎಂದು ಡಾಕ್ಟರು ಹೇಳಿದರಂತೆ. ನಾನು ನೋಡಲು ಹೋದೆ. ಅವರು ನನ್ನನ್ನು ಕಂಡು ತುಟಿ ಕೂಡಿಸಿದರು, "ಮ" ಎಂದು ಬರಬೇಕಿತ್ತು, ಬಂದದ್ದು ಬರೀ ಉಸಿರು. ಮೂಲೆಯಲ್ಲಿ ಪೊರ್ಬುಗಳು ಅಂಗೈಯನ್ನು ಕಿವಿಗೆ ಆನಿಸಿಕೊಂಡು ಕೂತಿದ್ದರು. ಏನೂ ಕೇಳಿಸದವರು ಏನನ್ನೋ ಕೇಳಲು ಕೂತ ಹಾಗೆ.

ಮರುದಿನ ಅವರು ನನ್ನನ್ನು ಬೇಲಿಯ ಹತ್ತಿರ ಕರೆದರು.

"ಹ್ವಾಯ್ ಹೈದ, ನಿಂಗ್ ಓದುಕೆ ಬತ್ತ್ ಅಲ್ದಾ?"

"ಬತ್ತ್ ಪೊರ್ಬುಗಳೇ. ಎಸ್ಸೆಸ್ಸೆಲ್ಸಿ ಎರಡೆರಡ್ ಸಲ ಓದಿದೆ."

"ಹಾಂ?"

"ಬತ್ತ್ ಅಂದೆ!"

"ಬೆಳಿಗ್ಗೆ ಬಂದ್ ಒಂದ್ ಅಧ್ಯಾಯ ಓದ್. ನಂಗೆ ಆ ಸಣ್ಣ ಅಕ್ಷರ ಕಾಂತಿಲ್ಲೆ. ಅವ್ಳ್ ಅದಿಲ್ದೆ ಒಂದ್ ದಿನ ಇದ್ದೋಳಲ್ಲ."

ನಾನು ಹಿಂದೆ ತಿರುಗಿ ನೋಡಿದೆ, ಬೇರೆ ಯಾರಿಗಾದರೂ ಹೇಳಿದರೇನೋ ಎಂದು. ಹಾಲಿನ ಪ್ಯಾಕೆಟ್ಟಿನ ಮೇಲಿನ ತಾರೀಕನ್ನೂ ಓದದೆ ಕುಡಿಯುವ ನನಗೆ ದಿನಾ ಬೆಳಿಗ್ಗೆ ಬೈಬಲ್! ಮನೆಗೆ ಬಂದು ಹೇಳಿದೆ. ಅಮ್ಮ ನಗುತ್ತಾರೆ ಎಂದುಕೊಂಡರೆ ಅವರು ಮೀನಿನ ಕತ್ತಿ ಕೆಳಗಿಟ್ಟರು.

"ಹೋಗ್. ನಿನ್ ತೊಟ್ಲ್ ಬಟ್ಟೆಯಿಂದ ಹಿಡ್ದ್ ಶಾಲೆ ಚಡ್ಡಿ ತನ್ಕ ಹೊಲ್ದದ್ದ್ ಆ ಹೆಂಗ್ಸ್. ಒಂದ್ ಪುಟ ಓದ್ರೆ ನಿನ್ ನಾಲ್ಗಿ ಸವ್ದ್ ಹೋಪುದಿಲ್ಲೆ."

ಬಾಯಮ್ಮ ನಿಲ್ಲಿಸಿದಲ್ಲಿ ಕೆಂಪು ಲೈನಿಂಗ್ ಬಟ್ಟೆಯ ಒಂದು ತುಂಡು ಇತ್ತು. ಅಲ್ಲಿಂದಲೇ ಓದಬೇಕು ಎಂದು ಪೊರ್ಬುಗಳ ಆಜ್ಞೆ. ಬಿಡಿಸಿದರೆ, ಎರಡಾಳೆತ್ತರದ ಒಬ್ಬ ದೈತ್ಯ ಸೈನಿಕ ಯುದ್ಧಭೂಮಿಯಲ್ಲಿ ನಿಂತು ಎದುರಾಳಿಗಳನ್ನು ಕರೆಯುತ್ತಿದ್ದಾನೆ. ನನಗೆ ಇದಕ್ಕಿಂತ ಹೆಚ್ಚು ಏನು ಬೇಕು? ದೈತ್ಯನಿಗೆ ಎಕ್ಸ್‌ಪ್ರೆಸ್ ಕಂಡಕ್ಟರನ ಸ್ವರ ಕೊಟ್ಟೆ. ತಲ್ಲೂರು, ಹೆಮ್ಮಾಡಿ, ಬೈಂದೂರಿನವರು ಬೇಗ ಹತ್ತಿ ಅನ್ನುವ ಅದೇ ರಾಗದಲ್ಲಿ ಯುದ್ಧಕ್ಕೆ ಕರೆದೆ. ಅರಸನಿಗೆ ನನ್ನ ಹೆಡ್ಮಾಸ್ಟ್ರ ಮೂಗುಸ್ವರ. ಬಾಯಮ್ಮ ನಗುತ್ತಾರೆ ಎಂದು ತಲೆ ಎತ್ತಿದರೆ ಅವರು ಮುಖವನ್ನು ಗೋಡೆಗೆ ತಿರುಗಿಸಿದ್ದರು.

ಬಾರ್ಕೂರಿನಲ್ಲಿ ಕಣ್ಣೀರು ಬರುವಷ್ಟು ನಕ್ಕವರು! ಮಿಮಿಕ್ರಿಯವನಿಗೆ ಬೈದರೆ ನೋವಾಗುವುದಿಲ್ಲ, ಮೊಟ್ಟೆ ಎಸೆದರೂ ತೊಳೆದುಕೊಳ್ಳಬಹುದು. ನಗುತ್ತಿದ್ದವರು ಮುಖ ತಿರುಗಿಸಿದರೆ ಏನು ಮಾಡುವುದು? ಮರುದಿನದಿಂದ ಆಕಾಶವಾಣಿಯಲ್ಲಿ ಪೇಟೆಧಾರಣೆ ಓದುವ ಹಾಗೆ ಓದಿದೆ. ಬಾಯಮ್ಮ ಕಣ್ಣುಮುಚ್ಚಿ ಕೇಳುತ್ತಿದ್ದರು. ಪೊರ್ಬುಗಳು ಪಕ್ಕದಲ್ಲೇ ಕೂತು, ಮುಗಿದ ಮೇಲೆ ಹೇಳಿದರು:

"ನಿನ್ ಸ್ವರ ನನ್ನ್ ಕಿವಿಗೆ ಹೋತಿಲ್ಲೆ ಹೈದ. ಅಡ್ಡಿಲ್ಲೆ, ಓದ್. ಅವ್ಳಿಗೆ ಕೇಣ್ತ್."

ಮೂರು ತಾಲೂಕಿಗೆ ಕೇಳುವ ಸ್ವರ ಮೂರಡಿ ದೂರದ ಮುದುಕರಿಗೆ ಕೇಳುವುದಿಲ್ಲ. ಬರೆದುಕೊಳ್ಳಿ, ನನ್ನ ಕಲಾಜೀವನದ ವಿಮರ್ಶೆ ಇದು.

ಇನ್ನು ಪುಸ್ತಕದ ಒಳಗೇ ನಾನು ಬಿದ್ದು ಎದ್ದದ್ದು ಎಷ್ಟು ಸಲವೋ. ಬೈಬಲ್ ಎಂದರೆ ಕುರಿಮರಿ, ಮೇಣದಬತ್ತಿ, ಬಿಳಿ ಬಟ್ಟೆ ಎಂದುಕೊಂಡಿದ್ದವ ನಾನು. ಅಲ್ಲಿ ನೋಡಿದರೆ ಅರಸ ತಾರಸಿಯ ಮೇಲಿಂದ ಪರರ ಹೆಂಡತಿಯನ್ನು ನೋಡುತ್ತಾನೆ, ಅವಳ ಗಂಡನನ್ನು ಯುದ್ಧದ ಮುಂಚೂಣಿಗೆ ಕಳುಹಿಸಿ ಸಾಯಿಸುತ್ತಾನೆ, ಮಗ ಅಪ್ಪನ ಮೇಲೆ ದಂಡೆತ್ತಿ ಬರುತ್ತಾನೆ. ಮನೆಗೆ ಬಂದು ಅಮ್ಮನಿಗೆ ಹೇಳಿದೆ. ಬಂಗುಡೆಯ ತಲೆ ಕತ್ತರಿಸುತ್ತಿದ್ದ ಅಮ್ಮನ ಕೈ ನಿಂತಿತು.

"ಅರಸನೇ ಹಾಂಗ್ ಮಾಡದ್ದಾ? ದೇವ್ರ್ ಪುಸ್ತಕದಲ್ಲಾ?"

"ಅದ್ರಲ್ಲೇ."

"ಬಿಟ್ರಾ ಅವ್ನ?"

"ನಾಳೆ ಗೊತ್ತಾತ್."

"ಬೇಗ ಏಳ್ ಹಂಗಾರೆ!"

ಆದರೂ ನನಗೆ ಅಭ್ಯಾಸ ಹಿಡಿಯಲಿಲ್ಲ. ಕೊಲ್ಲೂರಿನ ಕಡೆ ಒಂದು ಕಾರ್ಯಕ್ರಮ ಮುಗಿಸಿ ಬಂದವ ಮರುದಿನ ಹೋಗದೆ ಮಲಗಿಬಿಟ್ಟೆ. ಒಂದು ದಿನ ತಪ್ಪಿದರೆ ಯಾರ ಗಂಟೇನು ಹೋಗುತ್ತದೆ ಎಂದು. ಎದ್ದು ಸ್ನಾನ ಮಾಡಿ ಮಧ್ಯಾಹ್ನದ ಹೊತ್ತಿಗೆ ಬೇಲಿ ದಾಟಿ ಇಣುಕಿದರೆ, ಬಾಯಮ್ಮ ಮಂಚದಲ್ಲಿ ದಿಂಬಿಗೆ ಒರಗಿ ಕೂತಿದ್ದಾರೆ. ತಲೆ ಬಾಚಿದೆ. ತೊಡೆಯ ಮೇಲೆ ಪುಸ್ತಕ, ಎಡಗೈಯಲ್ಲಿ ಕತ್ತರಿ. ಪಕ್ಕದ ಸ್ಟೂಲಿನ ಮೇಲೆ ಚಹಾ ಕೆನೆಗಟ್ಟಿ ಕಪ್ಪಾಗಿದೆ.

"ಬೆಳಿಗ್ಗೆ ಮಾಡದ್ದ್," ಅಂದರು ಪೊರ್ಬುಗಳು. "ಎರಡ್ ಸಲ ಬಿಸಿ ಮಾಡ್ದೆ. ಕುಡುದಿಲ್ಲೆ ಅವ್ಳ್."

ಬೈಯಲೂ ಇಲ್ಲ, ಮುಖ ತಿರುಗಿಸಲೂ ಇಲ್ಲ. ಬಾಯಮ್ಮ ನನ್ನನ್ನೇ ನೋಡುತ್ತಾ ಕೆಂಪು ಬಟ್ಟೆಯ ತುಂಡನ್ನು ಕತ್ತರಿಯ ತುದಿಯಿಂದ ಮುಟ್ಟಿ ತೋರಿಸಿದರು. ಆ ದಿನದ ನಂತರ ನಾನು ತಪ್ಪಿಸಲಿಲ್ಲ. ಭಕ್ತಿ ಗಿಕ್ತಿ ಏನೂ ಅಲ್ಲ ಸ್ವಾಮಿ. ಒಬ್ಬರ ಬೆಳಗಿನ ಚಹಾ ನನ್ನ ನಾಲಿಗೆಯ ಮೇಲೆ ಕೂತಿತ್ತು. ಕಣ್ಣು ಎಳೆದರೂ ನಿದ್ದೆ ಹತ್ತುತ್ತಿರಲಿಲ್ಲ. ಇನ್ನೂ ಸಾಲದೆಂದು ಪೊರ್ಬುಗಳು ಗೇಟಿನ ಚಿಲಕ ಬಡಿದು ಎಬ್ಬಿಸತೊಡಗಿದರು. ತಾನೆಷ್ಟು ಜೋರಾಗಿ ಬಡಿಯುತ್ತಿದ್ದೇನೆಂದು ಅವರಿಗೆ ಕೇಳಿಸಬೇಕಲ್ಲ! ಓಣಿಗೆ ಮತ್ತೆ ಗಡಿಯಾರ ಸಿಕ್ಕಿತು.

ಮಳೆಗಾಲ ಹೀಗೇ ಕಳೆಯಿತು. ಅರಸರ ಕಥೆಗಳೆಲ್ಲ ಮುಗಿದವು. ಒಂದು ಬೆಳಿಗ್ಗೆ ಪುಟ ತಿರುಗಿಸಿದವನು ಹೌಹಾರಿದೆ. ವಂಶಾವಳಿ! ಆ ಪುಟ, ಪಕ್ಕದ ಪುಟ, ಅದರ ಹಿಂದಿನದು, ಎಲ್ಲಿ ನೋಡಿದರೂ ಹೆಸರುಗಳ ಜಾತ್ರೆ. ಮೆಲ್ಲನೆ ನಾಲ್ಕು ಹಾಳೆ ಒಟ್ಟಿಗೆ ಹಿಡಿದು ಮಗುಚಲು ಹೊರಟೆ. ಕತ್ತರಿಯ ತುದಿ ಬಂದು ಹಾಳೆಯ ಮೇಲೆ ಕೂತಿತು.

"ಆಯ್ತ್ ಬಾಯಮ್ಮ, ಓದ್ತೆ. ಕತ್ತರಿ ತೆಗೀನಿ, ಬೆರಳಿತ್ತ್ ಅಲ್ಲಿ."

ಹಿಂದಿನ ದಿನವಿಡೀ ಆಟೋದಲ್ಲಿ ಕೂತು ಮೈ ಹುಡಿಯಾಗಿತ್ತು. ತೂಕಡಿಸುತ್ತಾ ಓದಿದೆ. ಒಂದು, ಎರಡು, ಐದಾರು ಹೆಸರು. ಮುಂದಿನದು ಬಾಯಿಗೆ ಸಿಗದ ಹೆಸರು. ಅಲ್ಲಿ ನನ್ನ ಗಂಟಲು ನನ್ನನ್ನು ಕೇಳದೆ ಕೆಲಸ ಶುರು ಮಾಡಿತು. ಎಷ್ಟೋ ವೇದಿಕೆಗಳಲ್ಲಿ ಪಳಗಿದ ಗಂಟಲು. ಒಣ ಕೆಮ್ಮು ಬಂತು. ಹೆಸರು ಬಾಯಮ್ಮನ ಸ್ವರದಲ್ಲಿ ಬಂತು. ಕೊನೆಯ ಅಕ್ಷರ ನೂಲಿನ ಹಾಗೆ ಉದ್ದಕ್ಕೆ ಹೋಯಿತು. ಬೆರಳ ಗಂಟಿನಿಂದ ಮಂಚದ ಚೌಕಟ್ಟಿಗೆ ಟಕ್ ಟಕ್ ಎಂದು ಬಡಿದೂ ಆಯಿತು.

ಅಡಿಗೆಮನೆಯಲ್ಲಿ ಏನೋ ಧಡಾರೆಂದು ಬಿತ್ತು. ಪೊರ್ಬುಗಳು ಓಡಿ ಬಂದರು. ಕೈಯಲ್ಲಿ ಚಹಾದ ಸೋಸು ಬಟ್ಟಲು, ಅದರಿಂದ ನೆಲದುದ್ದಕ್ಕೂ ಚಹಾ. ಆ ಮುಖವನ್ನು ನಾನು ಹೇಗೆ ಹೇಳಲಿ? ಅಷ್ಟು ಬೆಳಕನ್ನು ನಾನು ಮದುಮಗನ ಮುಖದಲ್ಲೂ ಕಂಡಿಲ್ಲ. ಬಾಯಮ್ಮನ ಮುಖ ನೋಡಿದರು, ನನ್ನ ತೆರೆದ ಬಾಯಿ ನೋಡಿದರು. ಅವರಿಗೆ ಗೊತ್ತಾಯಿತು. ಬೆಳಕು ಆರಿತು.

"ನೀನಾ?" ಅಂದರು.

ನನಗೆ ನೆಲ ಬಿರಿಯಬಾರದೇ ಅನಿಸಿತು. ಜನರನ್ನು ಬೆಚ್ಚಿಬೀಳಿಸಿ ನಗಿಸುವುದು ನನ್ನ ಕಸುಬು. ಆದರೆ ಈ ಕಿವಿಗೆ ಈ ಸ್ವರವನ್ನು ಸುಳ್ಳೇ ಕೊಟ್ಟು ಕಸಿದುಕೊಂಡದ್ದು ಎಂಥ ಕೆಲಸ! ಪುಸ್ತಕ ಮುಚ್ಚಲು ಹೋದೆ. ತಪ್ಪಾಯಿತು ಎಂದು ಕೂಗಿ ಹೇಳಬೇಕು, ಕೂಗದಿದ್ದರೆ ಅವರಿಗೆ ಕೇಳುವುದಿಲ್ಲ.

ಆಗ ಮಂಚದ ಮೇಲಿಂದ ಒಂದು ಕೆಮ್ಮು ಬಂತು. ಒಣ ಕೆಮ್ಮು. ನನ್ನದಲ್ಲ.

ಅದರ ಹಿಂದೆ ಒಂದು ಹೆಸರು.

ಒಡೆದ ಸ್ವರ, ಅರ್ಧ ಗಾಳಿ, ಅಕ್ಷರಗಳು ಒಂದರ ಮೇಲೊಂದು ಬಿದ್ದುಕೊಂಡು ಬಂದವು, ಆದರೂ ಹೆಸರೇ. ಆ ಹೆಸರನ್ನು ನಾನಿನ್ನೂ ಓದಿರಲಿಲ್ಲ. ಅದು ಮುಂದಿನ ಸಾಲಿನಲ್ಲಿತ್ತು. ಬಾಯಮ್ಮನ ಕಣ್ಣು ಪುಸ್ತಕದ ಮೇಲೆಯೂ ಇರಲಿಲ್ಲ, ಸೂರಿನ ಮೇಲಿತ್ತು. ಅವರಿಗೇ ಗಾಬರಿಯಾಗಿತ್ತು, ತನ್ನ ಬಾಯಿಯಿಂದ ಏನು ಹೊರಗೆ ಬಂತೆಂದು.

ಪೊರ್ಬುಗಳು ಸೋಸು ಬಟ್ಟಲು ಹಿಡಿದುಕೊಂಡೇ ನೆಲದಲ್ಲಿ ಕೂತುಬಿಟ್ಟರು. "ಈಗ ಯಾರ್?" ಎಂದು ನನ್ನನ್ನು ಕೇಳಿದರು. "ಈಗ್ಲೂ ನೀನೇಯಾ?"

ನಾನು ತಲೆ ಅಲ್ಲಾಡಿಸಿದೆ. ಮಂಚದ ಕಡೆ ಕೈ ತೋರಿಸಿದೆ. ಆಮೇಲೆ ಇಬ್ಬರೂ ಸೇರಿ ಆ ಪುಟ ಮುಗಿಸಿದೆವು, ನಾನು ಬಾಯಮ್ಮನ ಸ್ವರದಲ್ಲಿ, ಬಾಯಮ್ಮ ಬಾಯಮ್ಮನ ಸ್ವರದ ಚೂರಿನಲ್ಲಿ. ಕಷ್ಟದ ಹೆಸರು ಬಂದಲ್ಲೆಲ್ಲ ಎರಡು ಕೆಮ್ಮು.

ಆಸ್ಪತ್ರೆಯಲ್ಲಿ ಮಾತು ಕಲಿಸುವ ಮೇಡಂಗೆ ಹೇಳಿದಾಗ ಅವರು ನಮ್ಮಷ್ಟು ಬೆಚ್ಚಲಿಲ್ಲ. ವರ್ಷಗಟ್ಟಲೆ ಬಾಯಿಗೆ ರೂಢಿಯಾದದ್ದು, ಅದೇ ರಾಗ ಕಿವಿಗೆ ಬಿದ್ದರೆ, ಕೆಲವರಲ್ಲಿ ಬೇರೆ ದಾರಿ ಹಿಡಿದು ಬರುವುದುಂಟು; ಜೊತೆಯಲ್ಲೇ ಓದುತ್ತಾ ಇರಿ, ಸ್ವಂತ ಮಾತು ಬರುತ್ತದೋ ಇಲ್ಲವೋ ಈಗಲೇ ಹೇಳಲಾಗದು ಎಂದರು. ಆ ಕೊನೆಯ ಮಾತನ್ನು ಪೊರ್ಬುಗಳಿಗೆ ನಾನು ಕೂಗಿ ಹೇಳಲಿಲ್ಲ.

ಮೇಡಂ ಹೇಳಿದ ಹಾಗೇ ಆಯಿತು. ಪುಸ್ತಕದಲ್ಲಿದ್ದದ್ದು ನನ್ನ ಜೊತೆ ಬರುತ್ತಿತ್ತು, ದಿನದಿಂದ ದಿನಕ್ಕೆ ಚೆನ್ನಾಗಿಯೇ. ಪುಸ್ತಕ ಮುಚ್ಚಿದರೆ ಬಾಯಿಯೂ ಮುಚ್ಚುತ್ತಿತ್ತು. ನೀರು ಬೇಕಾದರೆ ಕೈಸನ್ನೆ. ನಾನು ಪೇಟೆಧಾರಣೆಯ ಸ್ವರಕ್ಕೆ ಇಳಿದರೂ ಅವರು ನಿಲ್ಲಿಸಿಬಿಡುತ್ತಿದ್ದರು. ಹಾಗಾಗಿ ದಿನಾ ಬೆಳಿಗ್ಗೆ ನಾನು ಬಾಯಮ್ಮ. ತಮಾಷೆ ಏನೆಂದರೆ, ವೇದಿಕೆಯಲ್ಲಿ ಆ ಐಟಂ ನನ್ನಿಂದ ಆಗುವುದು ನಿಂತುಹೋಯಿತು. ತಲ್ಲೂರಿನ ಒಂದು ಮೆಹಂದಿಯಲ್ಲಿ "ಬಾಯಮ್ಮ ಮಾಡ್, ಬಾಯಮ್ಮ ಮಾಡ್" ಎಂದು ಹುಡುಗರು ಸಿಳ್ಳೆ ಹೊಡೆದರು. ಬಾಯಿ ತೆರೆದೆ, ಬರಲಿಲ್ಲ. ಬೆಳಿಗ್ಗೆ ಒಬ್ಬರು ಉಪಯೋಗಿಸುವ ವಸ್ತುವನ್ನು ಇಲ್ಲಿ ತಂದು ಎಸೆದಾಡಿದ ಹಾಗೆ ಅನಿಸಿತು. ಅಮ್ಮನ ಚೌಕಾಶಿ ಮಾಡಿ ಸುಧಾರಿಸಿಕೊಂಡೆ.

ಪೊರ್ಬುಗಳು ಈಗ ಓದುವಾಗ ಅಡಿಗೆಮನೆಗೆ ಹೋಗುವುದನ್ನೇ ಬಿಟ್ಟಿದ್ದರು. ಬಾಯಮ್ಮನ ತುಟಿಯನ್ನೇ ನೋಡುತ್ತಾ ಕೂರುತ್ತಿದ್ದರು. ಒಂದು ದಿನ ನನ್ನನ್ನು ಕಳಿಸಲು ಗೇಟಿನ ತನಕ ಬಂದವರು ಹೇಳಿದರು: "ಅರಸರ ಮಕ್ಳ್ ಹೆಸ್ರೆಲ್ಲ ಹೇಳ್ತಾಳೆ ಕಾಣ್. ನಂದೊಂದ್ ಬಿಟ್ಟ್." ನಗಲು ನೋಡಿದರು.

ಕಳೆದ ತಿಂಗಳ ಮಾತು. ಬೈಂದೂರಿನ ಕಡೆ ದೊಡ್ಡ ಕ್ರಿಕೆಟ್ ಪಂದ್ಯಾಟ. ದಿನವಿಡೀ ಬಿಸಿಲಲ್ಲಿ ಕೂತು ಕಾಮೆಂಟರಿ ಹೇಳಿ ಹೇಳಿ ನನ್ನ ಗಂಟಲು ಪೂರಾ ಬಿದ್ದುಹೋಯಿತು. ಮರುದಿನ ಎದ್ದರೆ ಕಂಡಕ್ಟರ್ ಇಲ್ಲ, ಹೆಡ್ಮಾಸ್ಟ್ರು ಇಲ್ಲ, ಬಾಯಮ್ಮನಂತೂ ಇಲ್ಲವೇ ಇಲ್ಲ. ಬಾಡಿಗೆಯವರೆಲ್ಲ ಮನೆ ಖಾಲಿ ಮಾಡಿದ್ದರು. ಉಳಿದದ್ದು ತುಕ್ಕು ಹಿಡಿದ ಗೇಟಿನಂಥ ಒಂದು ಕರಕರ ಸ್ವರ.

"ಇದ್ ಯಾರ್ದ್?" ಎಂದು ಅಮ್ಮನನ್ನು ಕೇಳಿದೆ.

"ನಿಂದೇ. ಸಣ್ಣದಿಪ್ಪಾಗ ಜ್ವರ ಬಂದ್ರೆ ಹಿಂಗೇ ಮಾತಾಡ್ತಿದ್ದೆ," ಅಂದರು ಅಮ್ಮ.

ಚಿಲಕ ಬಡಿಯಿತು. ಹೋದೆ. ಗಂಟಲು ಮುಟ್ಟಿ ತೋರಿಸಿ, ಇವತ್ತು ಇಷ್ಟೇ ಎಂದು ಸನ್ನೆ ಮಾಡಿದೆ. ಬಾಯಮ್ಮ ಕತ್ತರಿಯಿಂದ ಪುಟ ತೋರಿಸಿದರು. ಇವತ್ತು ಅವರ ಬಾಯಿಂದ ಏನೂ ಬರುವುದಿಲ್ಲ, ಪೊರ್ಬುಗಳು ಸುಮ್ಮನೆ ಕಾದು ಕೂರುತ್ತಾರೆ, ಬೇಗ ಮುಗಿಸಿ ಓಡಿದರೆ ಸಾಕು ಎಂದು ಆ ಕರಕರ ಸ್ವರದಲ್ಲಿ ಗಡಗಡ ಓದತೊಡಗಿದೆ. ಒಂದು ವಾಕ್ಯದ ಬಾಲಕ್ಕೆ ಇನ್ನೊಂದರ ತಲೆ ತಾಗಿಸಿಕೊಂಡು ಹೋದೆ. ಕತ್ತರಿ ಮಂಚಕ್ಕೆ ಬಡಿಯಿತು. ನಾನು ನಿಲ್ಲಿಸಲಿಲ್ಲ. ಕೆಮ್ಮು ಬಂತು. ಇಲ್ಲಿ ಹೆಸರೇ ಇಲ್ಲವಲ್ಲ, ಯಾಕೆ ಕೆಮ್ಮಿದರು ಎಂದು ತಲೆ ಎತ್ತಿದೆ.

"ನಿಧಾ...ನ," ಅಂದರು ಬಾಯಮ್ಮ. ಇನ್ನೊಮ್ಮೆ ಕೆಮ್ಮಿದರು. "ಮಂಗ."

ನಾನೆಷ್ಟು ದಡ್ಡ ನೋಡಿ, ಬೆರಳಿಟ್ಟು ಪುಟವನ್ನು ಹುಡುಕಿದೆ, ಆ ಎರಡು ಪದ ಯಾವ ಸಾಲಿನಲ್ಲಿವೆ ಎಂದು. ಇರಲಿಲ್ಲ. ಅದು ಪುಸ್ತಕದ ಮಾತೇ ಅಲ್ಲ. ಕೈಯಲ್ಲಿದ್ದ ಕೆಂಪು ಬಟ್ಟೆಯ ತುಂಡು ಕೆಳಗೆ ಬಿತ್ತು, ಬಗ್ಗಿ ಎತ್ತಿಕೊಂಡೆ.

ಪೊರ್ಬುಗಳು ಎದ್ದು ನಿಂತಿದ್ದರು. ಕೇಳಿಸಿತ್ತು. ಒಮ್ಮೆ ಹೆಂಡತಿಯನ್ನು, ಒಮ್ಮೆ ನನ್ನನ್ನು ನೋಡಿದರು.

"ನಿಂಗಾ ಹೇಳದ್ದ್?"

ನಾನು ಹೌದೆಂದು ತಲೆ ಆಡಿಸಿದೆ.

"ಇಷ್ಟ್ ದಿನ ಗಂಜಿ ಕುಡ್ಸದ್ದ್ ನಾನ್, ತಲೆ ಬಾಚದ್ದ್ ನಾನ್. ಬೈದದ್ದ್ ನಿಂಗಾ!" ಕಣ್ಣಲ್ಲಿ ನೀರು ತುಂಬಿತ್ತು. "ನಂಗ್ ಒಂದ್ ಬೈಗುಳವೂ ಇಲ್ಯಾ?"

ಉತ್ತರಕ್ಕೆ ಕಾಯುವ ಧೈರ್ಯ ಸಾಲಲಿಲ್ಲವೋ ಏನೋ, ಚಹಾ ಬಿಸಿ ಮಾಡುತ್ತೇನೆಂದು ಗೊಣಗುತ್ತಾ ಅಡಿಗೆಮನೆಯ ಕಡೆ ಹೊರಟರು. ಒಂದು ಕಾಲು ಹೊಸಿಲಿನ ಆಚೆಗೆ ಹೋಗಿತ್ತು.

"ರಾವ್," ಅಂದರು ಬಾಯಮ್ಮ.

ಕೊಂಕಣಿಯಲ್ಲಿ ನಿಲ್ಲು ಅನ್ನುವುದಕ್ಕೆ ರಾವ್ ಅನ್ನುತ್ತಾರೆ. ಬೀಡಿ ಹಚ್ಚಲು ಹೋದವರನ್ನು ಬಾವಿಕಟ್ಟೆಯಿಂದ ವಾಪಸು ಕರೆಸುತ್ತಿದ್ದದ್ದು ಅದೇ ಪದ. ಪೊರ್ಬುಗಳು ಇದ್ದಲ್ಲೇ ನಿಂತರು. ನಮ್ಮ ಕಡೆ ತಿರುಗಲಿಲ್ಲ, ಬಾಗಿಲ ಚೌಕಟ್ಟನ್ನು ಹಿಡಿದುಕೊಂಡರು. ಬೆನ್ನು ಹಾಕಿಕೊಂಡೇ, ಯಾರೂ ಕೇಳದ ಪ್ರಶ್ನೆಗೆ ಉತ್ತರ ಹೇಳಿದರು.

"ಕೇಣ್ತ್."

ಬಂದು ಕೂತರು. ಅಧ್ಯಾಯ ಇನ್ನೂ ಅರ್ಧ ಇತ್ತು. ಕತ್ತರಿಯ ತುದಿ ನಾನು ಗಡಗಡ ಓದಲು ಶುರುಮಾಡಿದ ಸಾಲಿಗೆ ಹಿಂದಕ್ಕೆ ಹೋಗಿ ನಿಂತಿತು. ಅಲ್ಲಿಂದ ಮತ್ತೆ ಓದಿದೆ, ಆ ಕರಕರ ಸ್ವರದಲ್ಲೇ, ನಿಧಾನ. ಚಹಾ ಆ ದಿನ ಮೂವರಿಗೂ ತಡವಾಯಿತು.